ಕಂಬ ನೆಕ್ಕಿದ ಓವರ್ಸಿಯರು

ಗೋಡೆ ನೆಕ್ಕುವ ಮನುಷ್ಯರನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿರುವುದು ಒಬ್ಬರನ್ನೇ. ಅವರು ಹೋದ ತಿಂಗಳು ತೀರಿಕೊಂಡರು. ತೀರಿಕೊಂಡದ್ದು ವಯಸ್ಸಾಗಿ, ಗೋಡೆ ನೆಕ್ಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಸುದ್ದಿ ಕೇಳಿದ ಕೂಡಲೇ "ಯಾವ ಕಲ್ಲು ನೆಕ್ಕಿದ್ರಂತೆ?" ಎಂದು ವಿಚಾರಿಸಿದ ಮಹನೀಯರು ಮಧುಗಿರಿಯಲ್ಲಿ ಇದ್ದಾರೆ. ಹಾಗೆ ಕೇಳಿದವರೆಲ್ಲ ಆಮೇಲೆ ಮಣ್ಣಿಗೆ ಬಂದಿದ್ದರು. ಒಬ್ಬಿಬ್ಬರು ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ.

ಹೆಸರು ಹೇಳುವುದಿಲ್ಲ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಅವರಿಗಿಂತ ಮುಂಚೆ ಓವರ್ಸಿಯರುಗಳು ಬಂದು ಹೋಗಿದ್ದರು, ಅವರಾದ ಮೇಲೂ ಬಂದರು, ಅವರಿಗೆಲ್ಲ ಹೆಸರುಗಳಿದ್ದವು. ಇವರು ಮಾತ್ರ ಬರೀ ಓವರ್ಸಿಯರು. ಪೆನ್ಷನ್ ಆದ ಮೇಲೂ ಓವರ್ಸಿಯರೇ.

ನಾನು ಮಿಡ್ಲ್‌ಸ್ಕೂಲಿಗೆ ಮೇಷ್ಟ್ರಾಗಿ ಮಧುಗಿರಿಗೆ ಬಂದಾಗ ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮನೆಯಲ್ಲಿದ್ದವರು ಇಬ್ಬರೇ, ಓವರ್ಸಿಯರು ಮತ್ತು ಅವರ ಅಕ್ಕ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಬೆಳೆದ ತಮ್ಮನಿಗೆ ಮದುವೆ ಮಾಡಿ, ಮನೆಗೆ ಬಂದ ಹುಡುಗಿ ಬಾಣಂತನದಲ್ಲಿ ಮಗುವಿನೊಡನೆ ಹೋಗಿಬಿಟ್ಟ ಮೇಲೆ ಮತ್ತೆ ಅದೇ ತಮ್ಮನನ್ನು ಸಾಕುವುದಕ್ಕೆ ನಿಂತವರು. ಬೀದಿಯವರೆಲ್ಲ ಅವರನ್ನು ಅಕ್ಕಯ್ಯ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕೋಣೆ ಕೊಡುವಾಗ ಅಕ್ಕಯ್ಯ ಹಾಕಿದ ಕರಾರು ಒಂದೇ.

"ನಮ್ಮ ಹುಡುಗನ್ನ ಸಮುದ್ರದ ವಿಸ್ಯ ಮಾತ್ರ ಕೇಳ್ಬ್ಯಾಡಿ ಮೇಷ್ಟ್ರೇ. ಕೇಳ್ದಿದ್ರೂ ಹೇಳ್ತಾನೆ, ಅದು ಬ್ಯಾರೆ ಮಾತು."

ನಮ್ಮ ಹುಡುಗನಿಗೆ ಆಗಲೇ ಮೀಸೆ ಅರ್ಧ ನರೆತಿತ್ತು. ಎತ್ತರದ ಸಣಕಲು ಆಳು. ಮಾಸಿದ ಕೋಟಿನ ಎರಡು ಜೇಬೂ ಕಲ್ಲಿನ ಚೂರುಗಳಿಂದ ಜೋತುಬಿದ್ದು, ನಡೆದರೆ ಬಳಪ ತುಂಬಿದ ಡಬ್ಬಿ ಅಲ್ಲಾಡಿಸಿದ ಸದ್ದು. ತಲೆಗೆ ರುಮಾಲು, ಕೈಯಲ್ಲಿ ಕೊಡೆ. ಮಳೆ ಬಂದರೆ ಆ ಕೊಡೆಯನ್ನು ಗೋಡೆಗೆ ಹಿಡಿದು, ನೀರು ಎಲ್ಲಿ ಇಳಿಯುತ್ತಿದೆ ಎಂದು ತಾವು ತೋಯುತ್ತ ನೋಡುತ್ತಿದ್ದರು.

ಸಮುದ್ರದ ಕಥೆ ಇಷ್ಟೇ. ಓವರ್ಸಿಯರ್ ಪರೀಕ್ಷೆ ಪಾಸು ಮಾಡಿ, ನಮ್ಮ ಸಂಸ್ಥಾನದಲ್ಲಿ ಕೆಲಸ ಸಿಗುವ ತನಕ ಅವರು ಘಟ್ಟದ ಕೆಳಗೆ, ಕಡಲ ದಂಡೆಯ ಒಂದು ಹಳೆಯ ಕೋಟೆಯ ರಿಪೇರಿ ಕೆಲಸಕ್ಕೆ ಕಂಟ್ರಾಕ್ಟರನ ಜೊತೆ ಹೋಗಿದ್ದರು. ಅಲ್ಲಿ ಕೆಲವು ವರ್ಷ ಇದ್ದು, ಒಮ್ಮೆ ಚಳಿಜ್ವರದಲ್ಲಿ ಸಾಯುವ ಹಾಗಾಗಿ, ಬದುಕಿ ವಾಪಸು ಬಂದರು. ನಮ್ಮ ಸೀಮೆಯಲ್ಲಿ ಸಮುದ್ರ ಕಂಡವರು ಎಷ್ಟು ಜನ? ಆ ಹೆಚ್ಚಳವನ್ನು ಅವರು ಸಾಯುವವರೆಗೂ ಕೈಬಿಡಲಿಲ್ಲ. ಬಿಸಿಲಿನ ಮಾತು ತೆಗೆದರೆ ಸಮುದ್ರಕ್ಕೆ ಬರುತ್ತಿದ್ದರು, ತೊಗರಿಬೇಳೆ ಮಾತು ತೆಗೆದರೂ ಸಮುದ್ರಕ್ಕೆ ಬರುತ್ತಿದ್ದರು.

ಒಂದು ಸಲ ಸಿರಾ ಕಡೆಯ ಗಾಡಿಯವನೊಬ್ಬ ನಮ್ಮ ಜಗಲಿಯಲ್ಲಿ ಕೂತು ಇವರ ವರ್ಣನೆಯನ್ನೆಲ್ಲ ಭಯಭಕ್ತಿಯಿಂದ ಕೇಳಿದ. ಕೊನೆಗೆ, "ಮದಲೂರು ಕೆರೆಗಿಂತ ದೊಡ್ದಾ ಬುದ್ದಿ?" ಎಂದ.

"ಮದಲೂರು ಕೆರೆಗೆ ಆಚೆ ದಡವೇ ಇಲ್ಲ ಅಂದ್ಕೋ."

ಅವನು ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು ನೋಡಿದ. "ಅಂಗಾದ್ರೆ ಏರಿ ಎಲ್ ಕಟ್ಟವ್ರೆ?"

"ಏರಿ ಇಲ್ಲಪ್ಪ ಅದಕ್ಕೆ."

"ಏರಿ ಇಲ್ದೆ ನೀರು ಹೆಂಗೆ ನಿಲ್ತದೆ ಬುದ್ದಿ?" ಎಂದು ಕೇಳಿ, ಇವರು ಸರಿಯಾಗಿ ನೋಡಿಕೊಂಡು ಬಂದಿಲ್ಲ ಎಂಬ ಮುಖ ಮಾಡಿಕೊಂಡು ಎದ್ದು ಹೋದ. ಕೆರೆ ಕಟ್ಟೆಗಳ ರಿಪೇರಿಯಲ್ಲೇ ಜೀವ ತೇದ ಓವರ್ಸಿಯರು ಎರಡು ದಿನ ನನ್ನ ಮೇಲೆ ಸಿಡುಕಿದರು.

ಆದರೆ ಅವರು ಸಮುದ್ರದಿಂದ ತಂದದ್ದು ಬರೀ ಜಂಬವನ್ನಲ್ಲ. ಅಲ್ಲಿ ಅವರು ಕಲ್ಲು ಸಾಯುವುದನ್ನು ನೋಡಿದ್ದರು. ಮಧುಗಿರಿಯವರಿಗೆ ಇದನ್ನು ನಂಬಿಸುವುದು ಕಷ್ಟ. ಹುಟ್ಟಿದ್ದೇ ಮೊದಲು ಅಷ್ಟು ದೊಡ್ಡ ಏಕಶಿಲೆಯ ಬೆಟ್ಟವನ್ನು ನೆತ್ತಿಯ ಮೇಲೆ ನೋಡಿಕೊಂಡು ಬೆಳೆದವರಿಗೆ, ಕಲ್ಲು ಸವೆಯುತ್ತದೆ ಎಂದರೆ ಯಾರೋ ಮನೆಯವರ ಮೇಲೆ ಅಪವಾದ ಹೊರಿಸಿದ ಹಾಗೆ ಕಾಣುತ್ತದೆ. ಓವರ್ಸಿಯರು ಅಲ್ಲಿ ಕಂಡದ್ದು ಬೇರೆ. ಅಲೆ ಬಂದು ಹಗಲೂ ರಾತ್ರಿ ಬಡಿಯುವ ಕೆಳಗಿನ ಸಾಲಿನ ಕಲ್ಲು ಗಟ್ಟಿಯಾಗಿಯೇ ಇತ್ತಂತೆ. ಅಲೆ ಮುಟ್ಟದ, ಬರೀ ಹನಿ ಹಾರಿ ಬಿದ್ದು ಬಿಸಿಲಿಗೆ ಒಣಗುವ ಮೇಲಿನ ಸಾಲಿನ ಕಲ್ಲು ಮಾತ್ರ ಜೇನುಹುಟ್ಟಿನ ಹಾಗೆ ತೂತು ತೂತು. ಬೆರಳಿಟ್ಟರೆ ರವೆಯಂತೆ ಉದುರುತ್ತಿತ್ತಂತೆ.

"ಎಲ್ರೂ ಅಂದ್ಕೊಳ್ಳೋದು ಉಪ್ಪು ಕಲ್ಲನ್ನ ತಿನ್ನುತ್ತೆ ಅಂತ. ತಿನ್ನೋದಿಲ್ಲ ಮೇಷ್ಟ್ರೇ. ನೀರಿನ ಜೊತೆ ಒಳಗೆ ಹೋಗುತ್ತೆ. ಬಿಸಿಲಿಗೆ ನೀರು ಹೊರಟುಹೋಗುತ್ತೆ, ಇದು ಉಳ್ಕೊಳ್ಳುತ್ತೆ. ಕಲ್ಲಿನ ಸಣ್ಣ ಸಣ್ಣ ಸಂದೀಲಿ ಕೂತು ಹರಳು ಕಟ್ಟುತ್ತೆ. ಹರಳು ಬೆಳೆದು ಜಾಗ ಸಾಲದೆ ಮೈ ಮುರಿಯುತ್ತೆ ನೋಡಿ, ಆವಾಗ ಕಲ್ಲು ಬಿರಿಯುತ್ತೆ."

"ಬಾಡಿಗೆಗೆ ಬಂದವನು ಮನೆ ತುಂಬ ಕಾಲು ಚಾಚಿದ ಹಾಗೆ ಅನ್ನಿ," ಎಂದೆ.

ಅವರು ನನ್ನನ್ನೂ, ಅವರ ಪಡಸಾಲೆಯಲ್ಲಿ ಒಣಗಲು ಹರವಿದ್ದ ನನ್ನ ಪಂಚೆಯನ್ನೂ ನೋಡಿದರು. "ಅದೇ," ಎಂದರು.

ಈ ಉಪ್ಪನ್ನು ಕಂಡುಹಿಡಿಯಲು ಅವರಿಗಿದ್ದ ಯಂತ್ರ ನಾಲಗೆ. ಎಲ್ಲಿ ಕಲ್ಲು ಹಕ್ಕಳೆ ಎದ್ದಿದ್ದರೂ ಅತ್ತಿತ್ತ ನೋಡದೆ ಬಾಗಿ ಒಂದು ಸಲ ನೆಕ್ಕುವುದು, ಕಣ್ಣು ಮುಚ್ಚುವುದು, ಉಗುಳುವುದು, ತೀರ್ಪು ಕೊಡುವುದು. ಬರೀ ಉಪ್ಪಾದರೆ ಒಂದು ತರಹ, ಪಟಾಕಿ ಮದ್ದಿಗೆ ಹಾಕುವ ಪೆಟ್ಲುಪ್ಪಾದರೆ ನಾಲಗೆ ತಣ್ಣಗಾಗುತ್ತದೆ, ಕಹಿಯಾದರೆ ಇನ್ನೊಂದು. ಗಾರೆಗೆ ತಂದ ಮರಳನ್ನು ಕೂಡ ನೆಕ್ಕಿಯೇ ಒಳಗೆ ಬಿಡುತ್ತಿದ್ದರು. ಅವರು ಸಿರಾದ ಒಂದು ಹಳೆಯ ಗೋರಿಯ ಹತ್ತಿರ ಬಾಗಿ ಕಲ್ಲಿಗೆ ನಾಲಗೆ ಹಚ್ಚಿದ್ದನ್ನು ಕಂಡ ಅಲ್ಲಿಯ ಮುದುಕ ಸಾಬರು ಮನೆಯ ಕಡೆ ತಿರುಗಿ, "ಅರೆ, ಸಾಹೇಬ್ರು ಭೂಕೆ ಅವ್ರೆ, ರೊಟ್ಟಿ ತಗೊಂಡು ಬನ್ನಿ," ಎಂದು ಕೂಗಿದರಂತೆ. ರೊಟ್ಟಿ ಬಂತು. ಓವರ್ಸಿಯರು ಅದನ್ನೂ ತಿಂದು ಬಂದರು.

ಪಾವಗಡದ ಕಡೆ ಸೌಳು ನೆಲ. ತಿರುಮಣಿಯ ಹತ್ತಿರ ಒಂದು ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪು ಹೂ ಬಿಟ್ಟಿದ್ದನ್ನು ಕಂಡು ಇವರು ಸಂತೋಷದಿಂದ ಮಂಡಿಯೂರಿದರು. ಮನೆಯ ಮುದುಕಿ ಹೊರಗೆ ಬಂದು ನೋಡಿ, "ಏಮಪ್ಪಾ, ಇಂಟ್ಲೋ ಉಪ್ಪು ಲೇದಾ? ನಮ್ಮನೇಲಿ ಇಸ್ಕೊಂಡು ಹೋಗಪ್ಪಾ," ಎಂದಳಂತೆ. ಮನೆಯಲ್ಲಿ ಉಪ್ಪಿಲ್ಲದ ಬಡವ ಎಂದು ಅವಳಿಗೆ ಮರುಕ. ಇದನ್ನು ಓವರ್ಸಿಯರೇ ನನಗೆ ಹೇಳಿದ್ದು, ನಗದೆ ಹೇಳಿದ್ದು. ಅವರಿಗೆ ಮುಖ್ಯವಾಗಿದ್ದದ್ದು ಬೇರೆ: "ಪಾವಗಡದಲ್ಲಿ ಸಮುದ್ರ ನೆಲದ ಕೆಳಗಿದೆ ಮೇಷ್ಟ್ರೇ."

ಇಷ್ಟು ಸೂಕ್ಷ್ಮದ ನಾಲಗೆ ಮನೆಗೆ ಬಂದ ಕೂಡಲೇ ಕೆಲಸ ನಿಲ್ಲಿಸುತ್ತಿತ್ತು. ಒಮ್ಮೆ ಅಕ್ಕಯ್ಯ ಪರೀಕ್ಷೆ ಮಾಡಲೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಅವತ್ತು ನಾನೂ ಊಟಕ್ಕಿದ್ದೆ. ಮುದ್ದೆಯ ಮೊದಲ ತುತ್ತಿಗೇ ನನ್ನ ಮುಖ ಕೆಟ್ಟಿತು. ಅಕ್ಕಯ್ಯ ಕಣ್ಣಿನಲ್ಲೇ ನನ್ನ ಬಾಯಿ ಮುಚ್ಚಿಸಿದರು. ಓವರ್ಸಿಯರು ಕಡಲ ಉಪ್ಪು ಕಲ್ಲಿನ ಒಳಗೆ ಎಷ್ಟು ಆಳ ಹೋಗುತ್ತದೆಂದು ಹೇಳುತ್ತ ಹೇಳುತ್ತ, ಆ ಉಪ್ಪಿಲ್ಲದ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕಯ್ಯ ನಗಲಿಲ್ಲ. ತಟ್ಟೆಯ ಪಕ್ಕ ಉಪ್ಪಿನ ಮರಿಗೆಯನ್ನು ಸದ್ದಾಗುವ ಹಾಗೆ ಇಟ್ಟು ಒಳಗೆ ಹೋದರು.

ಇನ್ನು ಆ ಕಂಬದ ವಿಷಯ.

ನಮ್ಮೂರಿನ ಹೊರಗೆ ಒಂದು ಚಿಕ್ಕ ವೀರಭದ್ರನ ಗುಡಿಯಿದೆ. ಅದರ ಮುಂದೆ ನಾಲ್ಕು ಕಂಬದ ಮಂಟಪ, ಮೇಲೆ ದಪ್ಪ ಚಪ್ಪಡಿಗಳು. ಮೈಮೇಲೆ ನರೂಲಿ ಎದ್ದರೆ ಎಡಗಡೆಯ ಕಂಬದ ಬುಡಕ್ಕೆ ಚಿಟಿಕೆ ಉಪ್ಪು ಹಾಕಿ, ತಂಬಿಗೆ ನೀರು ಹುಯ್ದು ಕರಗಿಸುವುದು ಅಲ್ಲಿಯ ಹಳೆಯ ಪದ್ಧತಿ. ಉಪ್ಪು ಕರಗಿದ ಹಾಗೆ ನರೂಲಿ ಕರಗುತ್ತದೆ ಎಂದು ನಂಬಿಕೆ. ಇದು ಹೆಂಗಸರ ಹರಕೆ, ಗಂಡಸರು ಅತ್ತ ತಲೆ ಹಾಕುತ್ತಿರಲಿಲ್ಲ. ನಾನು ಬರುವ ಹೊತ್ತಿಗೆ ಇದು ಬರೀ ನರೂಲಿಯಲ್ಲಿ ಉಳಿದಿರಲಿಲ್ಲ. ಮಗನ ಪರೀಕ್ಷೆ, ಗಂಡನ ಕೆಮ್ಮು, ಕೋರ್ಟಿನ ವ್ಯಾಜ್ಯ, ಎಲ್ಲಕ್ಕೂ ಸೋಮವಾರ ಸೋಮವಾರ ಸೇರುಗಟ್ಟಲೆ ಉಪ್ಪು ಬೀಳುತ್ತಿತ್ತು. ಕಂಬದ ಬುಡ ಸವೆದು ಸವೆದು ನಡು ಕಟ್ಟಿದ ಹೆಂಗಸಿನ ಹಾಗಾಗಿತ್ತು. ಊರಿನವರು ಇದರಿಂದ ಹೆದರಿದರೇ? ಇಲ್ಲ, ಹೆಮ್ಮೆಪಟ್ಟರು. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಭಕ್ತರ ಪಾಪವನ್ನೆಲ್ಲ ತಾನು ತೆಗೆದುಕೊಂಡು ಕಂಬ ಬಡವಾಗುತ್ತಿದೆ ಎಂದು ಮಂಡಿ ಸಾಹುಕಾರರು ವಿವರಣೆ ಕೊಡುತ್ತಿದ್ದರು. ಅವರು ಗುಡಿಯ ಧರ್ಮದರ್ಶಿಗಳು. ಕಂಬ ಬಡವಾದಷ್ಟೂ ಭಕ್ತಿ ಹೆಚ್ಚಿತು, ಭಕ್ತಿ ಹೆಚ್ಚಿದಷ್ಟೂ ಉಪ್ಪು ಹೆಚ್ಚಿತು.

ಓವರ್ಸಿಯರಿಗೆ ಇದು ಗೊತ್ತಿರಲಿಲ್ಲ. ಗುಡಿಗೆ ಹೋಗುವವರಲ್ಲ ಅವರು. ಸೋಮವಾರವಂತೂ ಅವರಿಗೆ ಕೊರಟಗೆರೆ ಕಡೆಯ ಸುತ್ತು, ಬೆಳಿಗ್ಗೆ ಸೈಕಲ್ ಹತ್ತಿದರೆ ಕೊಳಾಲದ ತನಕ ಹೋಗಿ ಕತ್ತಲಾದ ಮೇಲೆ ಮನೆ. ಹೀಗಿರುವಾಗ ಒಂದು ದಿನ ಗುಡಿಯ ಪೂಜೆಯ ಅಯ್ಯನವರು ಮೆಲ್ಲಗೆ ನಮ್ಮ ಮನೆಗೆ ಬಂದರು. ಮಂಗಳಾರತಿ ಮಾಡುವಾಗ ಮೇಲಿನ ಚಪ್ಪಡಿಯಿಂದ ಅವರ ತಲೆಯ ಮೇಲೆ ಪುಡಿ ಬಿದ್ದಿತ್ತಂತೆ. ಸಾಹುಕಾರರಿಗೆ ಹೇಳಿದರೆ ಅದು ವಿಭೂತಿ ಎಂದುಬಿಟ್ಟರಂತೆ.

"ವಿಭೂತಿನೋ ಏನೋ ಸ್ವಾಮಿ, ಒಂದ್ಸಲ ನೀವು ಬಂದು ನೋಡ್ಬುಡಿ," ಎಂದರು ಅಯ್ಯನವರು. ಪಾಪ, ಅವರಿಗೆ ವಿಭೂತಿ ಯಾವುದು ಕಲ್ಲಿನ ಪುಡಿ ಯಾವುದು ಎಂದು ಚೆನ್ನಾಗಿ ಗೊತ್ತಿತ್ತು.

ನಾನೂ ಜೊತೆಗೆ ಹೋದೆ. ಓವರ್ಸಿಯರು ಕಂಬದ ಮುಂದೆ ಕೂತು ಅದರ ಮೈ ಸವರಿದರು. ಅಂಗೈ ತುಂಬ ರವೆ ಬಂತು. ಕೋಟಿನ ಅಂಚು ಎತ್ತಿಕಟ್ಟಿ, ದೇವರ ಎದುರಿಗೇ, ಕಂಬವನ್ನು ನೆಕ್ಕಿದರು. ಅಯ್ಯನವರು ಶಿವಶಿವಾ ಎಂದು ಕಿವಿ ಮುಟ್ಟಿಕೊಂಡರು. ಅಷ್ಟರಲ್ಲಿ ಸಾಹುಕಾರರೂ ಹತ್ತಾರು ಜನರೂ ಸೇರಿದ್ದರು. ಓವರ್ಸಿಯರು ಎದ್ದು ನಿಂತಾಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಮರೆಯಲಾರೆ.

"ಸಮುದ್ರ," ಎಂದರು. "ಸಾಕ್ಷಾತ್ ಸಮುದ್ರ. ಇಲ್ಲಿಗೆ ಬಂದಿದೆ ನೋಡಿ. ತೋಯಿಸೋದು, ಒಣಗಿಸೋದು, ತೋಯಿಸೋದು, ಒಣಗಿಸೋದು. ಅಲ್ಲಿ ನೂರಾರು ವರ್ಷಕ್ಕೆ ಆಗಿದ್ದನ್ನ ನೀವು ಇಲ್ಲಿ ಇಷ್ಟರಲ್ಲೇ ಮಾಡಿದೀರಿ."

ಆಮೇಲೆ ತಲೆಯೆತ್ತಿ ಚಪ್ಪಡಿಯ ಸಂದು ಬಿಟ್ಟಿರುವುದನ್ನು ನೋಡಿದರು. ಬೆಳಕು ಆರಿತು. ಉಪ್ಪು ಇವತ್ತೇ ನಿಲ್ಲಬೇಕು, ಇಲ್ಲದಿದ್ದರೆ ಯಾವುದೋ ಒಂದು ಸೋಮವಾರ ಹೆಂಗಸರು ಮಕ್ಕಳು ಕೂತಿರುವಾಗ ಚಪ್ಪಡಿ ಕೆಳಗೆ ಬರುತ್ತದೆ ಎಂದರು.

"ಕಂಬ ಸವೀತಿರೋದು ಉಪ್ಪಿಗಲ್ಲ ಓವರ್ಸಿಯರೇ, ನಮ್ಮ ಪಾಪಕ್ಕೆ," ಎಂದರು ಸಾಹುಕಾರರು.

"ಪಾಪ ಮೊಳದುದ್ದಕ್ಕೇ ಯಾಕೆ ನಿಂತಿದೆ ಹಾಗಾದ್ರೆ? ಮೇಲಕ್ಕೆ ಯಾಕೆ ಹತ್ತಿಲ್ಲ?"

ಜನ ಕಿಸಕ್ಕೆಂದರು. ಸಾಹುಕಾರರಿಗೆ ಮುಖಭಂಗವಾಯಿತು. ದೇಶದಲ್ಲೆಲ್ಲ ಉಪ್ಪಿನದೇ ಮಾತು ನಡೆದಿದ್ದ ಕಾಲ ಅದು. "ಉಪ್ಪು ಉಪ್ಪು ಅಂತ ಜನ ಜೈಲಿಗೆ ಹೋಗ್ತಾವ್ರೆ, ಇವ್ರು ದೇವ್ರಿಗೂ ಉಪ್ಪು ಬ್ಯಾಡ ಅಂತಾರೆ. ಸರ್ಕಾರದ ಅನ್ನ ತಿನ್ನೋರು ಅಲ್ವರಾ?" ಎಂದರು. ಖಾದಿ ತೊಟ್ಟ ಒಬ್ಬಿಬ್ಬರು ಓವರ್ಸಿಯರನ್ನು ಗುರಾಯಿಸಿ ನೋಡಿದರು. ಸಭೆ ಅಲ್ಲಿಗೆ ಕೆಟ್ಟಿತು.

ಎಲ್ಲ ಹೋದ ಮೇಲೆ ಅಯ್ಯನವರು ಹತ್ತಿರ ಬಂದು, ಯಾರಿಗೂ ನೋವಾಗದ ಹಾಗೆ ಮಾತಾಡುವ ಅವರ ದನಿಯಲ್ಲಿ ಹೇಳಿದರು. "ಜನ ಕೇಳೋದು ಕಷ್ಟ ಸ್ವಾಮಿ. ಮೊದ್ಲು ನರೂಲಿಗೆ ಚಿಟಿಕೆ ಹಾಕೋರು, ಅಷ್ಟೆ. ನೀವು ಘಟ್ಟದ ಕೆಳಗೆ ಜ್ವರದಲ್ಲಿ ಮಲಗಿದ್ರಂತಲ್ಲ, ಆವಾಗ ನಿಮ್ಮಕ್ಕಾರು ಬಂದ್ರು. ತಮ್ಮ ಸುಕವಾಗಿ ಮನೆಗೆ ಬರ್ಲಿ ಅಂತ ಪ್ರತಿ ಸ್ವಾಮಾರ ಒಂದು ಸೇರು ಉಪ್ಪು ಸುರ್ದು ಕರಗ್ಸೋರು. ನೀವು ಬಂದ್ಬುಟ್ರಿ. ನೋಡಿದ್ರಾ, ಓವರ್ಸಿಯರು ಸಮುದ್ರದಿಂದ ಜೀವ್ಸಹಿತ ಬಂದ್ರು ಅಂತ ಊರೆಲ್ಲ ಉಪ್ಪು ಹಿಡ್ಕಂಡು ಬಂತು. ಈ ಹರಕೆಗೆ ನೀವೇ ಸಾಕ್ಸಿ ಸ್ವಾಮಿ. ಅಕ್ಕಾರು ಇವತ್ತಿಗೂ ಒಂದು ಸ್ವಾಮಾರ ತಪ್ಸಿಲ್ಲ."

ಓವರ್ಸಿಯರು ಕಂಬವನ್ನು ನೋಡುತ್ತ ನಿಂತುಬಿಟ್ಟರು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಅಕ್ಕ ಸೋಮವಾರ ಎಲ್ಲಿಗೆ ಹೋಗುತ್ತಾಳೆ ಎಂದು ಅವರು ಕೇಳಿರಲಿಲ್ಲ. ಕಲ್ಲಿನ ಒಳಗೆ ಏನಿದೆ ಎಂದು ಹೇಳುವವರಿಗೆ ಮನೆಯ ಒಳಗೆ ಏನಿದೆ ಎಂದು ತಿಳಿದಿರಲಿಲ್ಲ.

ಆವತ್ತು ಮನೆಯಲ್ಲಿ ಅವರು ಸಮುದ್ರದ ಸುದ್ದಿ ಎತ್ತಲಿಲ್ಲ. ತಲೆ ಬಗ್ಗಿಸಿ ಊಟ ಮಾಡಿ, ಕೈ ತೊಳೆಯುವ ಮೊದಲು, "ಸಾರು ಚೆನ್ನಾಗಿತ್ತು ಅಕ್ಕ," ಎಂದರು. ಅಕ್ಕಯ್ಯ ಗಾಬರಿಯಾಗಿ ಬಂದು ಅವರ ಹಣೆ ಮುಟ್ಟಿ ನೋಡಿದರು. "ಮೈ ಬೆಚ್ಚಗೈತೇನ್ಲಾ?" ಎಂದು ಕೇಳಿ, ಇಲ್ಲವೆಂದು ಖಾತ್ರಿಯಾಗುವ ತನಕ ಬಿಡಲಿಲ್ಲ.

ಮಾರನೆಯ ದಿನ ಅವರು ನನ್ನ ಕೋಣೆಗೆ ಬಂದು ಕೂತರು. ಜೇಬಿನ ಕಲ್ಲುಗಳನ್ನು ತೆಗೆದು ನನ್ನ ಪುಸ್ತಕಗಳ ಮೇಲೆ ಸಾಲಾಗಿ ಇಟ್ಟರು, ಮತ್ತೆ ಜೇಬಿಗೆ ತುಂಬಿಕೊಂಡರು.

"ಏನ್ ಮಾಡ್ಲಿ ಮೇಷ್ಟ್ರೇ? ನಿನ್ನ ಉಪ್ಪೇ ಕಂಬ ಕೆಡಿಸ್ತು ಅಂತ ಹೇಳಿದ್ರೆ ಅವಳು ಆ ಗುಡಿ ಮೆಟ್ಲು ಇನ್ನು ಹತ್ತೋದಿಲ್ಲ. ದೇವರ ಮನೇನೇ ಮುರಿದೆ ಅಂತ ಕೊರಗಿ ಸಾಯ್ತಾಳೆ. ಹೇಳ್ದೆ ಇದ್ರೆ ಚಪ್ಪಡಿ ಬೀಳುತ್ತೆ. ಬೀಳೋದು ಸೋಮವಾರವೇ. ಬುಡದಲ್ಲಿ ಕೂತಿರೋಳೂ ಅವಳೇ."

ಅವರು ಅಷ್ಟು ಚಿಕ್ಕ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರನ್ನು ನಾನು ಪ್ರೀತಿಸುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗ.

ಮುಂದಿನ ಸೋಮವಾರ ಅವರು ಕೊರಟಗೆರೆಗೆ ಹೋಗಲಿಲ್ಲ. ಬೆಳಗಾಗುತ್ತಲೇ ಗುಡಿಗೆ ಹೋಗಿ, ಕೂಲಿಯವರಿಂದ ಕಂಬದ ಪಕ್ಕ ಎರಡು ಮರದ ತೊಲೆ ಊರೆ ಕೊಡಿಸಿದರು. ಇದನ್ನು ನೋಡಲು ಊರೇ ಬಂತು. ಹೆಂಗಸರು ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಎಂದಿನ ಹಾಗೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದವರು ಅಕ್ಕಯ್ಯನೇ. ಸಾಹುಕಾರರು ಚಾವಡಿಯ ಮೇಲೆ ಕೂತು ಇವತ್ತೇನು ಪಾಠವೋ ಎಂದು ಕಾಯುತ್ತಿದ್ದರು.

ಓವರ್ಸಿಯರು ರುಮಾಲು ಸರಿಮಾಡಿಕೊಂಡರು, ಕೆಮ್ಮಿದರು. "ನಂಗೊಂದು ಕನಸು ಬಿತ್ತು," ಎಂದರು.

ನಾನು ನೆಟ್ಟಗಾದೆ. ಇದು ಆ ಮನುಷ್ಯನ ಬಾಯಲ್ಲಿ ಬರುವ ಮಾತಲ್ಲ.

"ವೀರಭದ್ರ ಬಂದಿದ್ದ. ಅದೇ ಮೀಸೆ, ಅದೇ ಕತ್ತಿ. ಕಾಲಿಗೆ ಉಪ್ಪು ಹಾಕಿ ಹಾಕಿ ಉರಿ ತಡಿಯಕ್ಕೆ ಆಗ್ತಿಲ್ಲ, ಕೊಟ್ಟಿದ್ದೆಲ್ಲ ಮುಟ್ಟಿದೆ, ಇನ್ಮೇಲೆ ಆಚೆ ಬೇವಿನ ಮರದ ಹತ್ರ ಕೊಡ್ಲಿ, ಅಲ್ಲಿಂದ್ಲೇ ಇಸ್ಕೋತೀನಿ ಅಂದ." ಇಷ್ಟು ಹೇಳುವುದರಲ್ಲಿ ಅವರ ಕಿವಿ ಕೆಂಪಗಾಗಿತ್ತು. ಸುಳ್ಳು ಹೇಳುವುದರಲ್ಲಿ ಅವರಷ್ಟು ದಡ್ಡರನ್ನು ನನ್ನ ಕ್ಲಾಸಿನಲ್ಲೂ ನೋಡಿಲ್ಲ. ಊರಿಗೆಲ್ಲ ಹೇಳಬೇಕಾದ್ದನ್ನು ಅಕ್ಕನ ಮುಖ ಒಂದನ್ನೇ ನೋಡುತ್ತ ಹೇಳಿದರು.

ಸಾಹುಕಾರರು ತೊಡೆ ತಟ್ಟಿಕೊಂಡು ನಕ್ಕರು. "ಹೋದೊರ್ಸ ಅಯ್ಯನೋರ ಕನಸು ಕೇಳಿ, ಮುದ್ದೆ ಅರಗದೆ ಇದ್ರೆ ಇಂಗಾಗೋದು ಅಂದೋರು ನೀವಲ್ವರಾ? ನಿಮ್ಗೂ ದೇವ್ರು ಬಂದ್ನಾ? ಮೊನ್ನೆ ಸಮುದ್ರ ಅಂದ್ರಿ, ಇವತ್ತು ಕನ್ಸು. ಯಾವ್ದು ನಂಬಾನ ನಾವು?"

ಜನ ನಗತೊಡಗಿದರು. ಓವರ್ಸಿಯರು ಮತ್ತೊಮ್ಮೆ ರುಮಾಲು ಸರಿಮಾಡಿಕೊಂಡರು. ಹೆಂಗಸರ ಸಾಲು ಕಂಬದ ಕಡೆ ಒಂದು ಹೆಜ್ಜೆ ಸರಿಯಿತು. ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಅಕ್ಕಯ್ಯ ತಿರುಗಿ ನಿಂತು ಸಾಹುಕಾರರಿಗೆ ಹೇಳಿದರು. "ನಕ್ಕೋಬ್ಯಾಡಿ ಸಾವ್ಕಾರ್ರೆ. ನನ್ ತಮ್ಮ ಬೆಳಗಿನ ಜಾವ ನಿದ್ದೇಲಿ ಉರಿ ಉರಿ ಅಂತ ಒದ್ದಾಡ್ತಿದ್ದ. ನಾನೇ ಎಬ್ಸಿ ನೀರು ಕೊಟ್ಟೆ. ವೀರಭದ್ರ ಬಂದಿದ್ದ ಕಣಕ್ಕಾ ಅಂದ. ಇವ್ನು ದೇವ್ರನ್ನ ನಂಬೋನಲ್ಲ ಅಂತ ಊರ್ಗೆ ಗೊತ್ತು. ನಂಬದೋನ ಕನ್ಸಿಗೂ ಬಂದವ್ನೆ ಅಂದ್ರೆ ಎಷ್ಟು ಉರಿದಿರಬೇಕು ಅವ್ನಿಗೆ?"

ಅವರ ಮನೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆ ಬಾಗಿಲು. ಆ ಬೆಳಗಿನ ಜಾವ ಅದರಾಚೆಯಿಂದ ಬಂದದ್ದು ಓವರ್ಸಿಯರ ಗೊರಕೆ ಮಾತ್ರ. ಅಕ್ಕಯ್ಯ ನನ್ನತ್ತ ಒಂದು ಸಲ ನೋಡಿದರು. ನಾನು ಆಕಾಶ ನೋಡಿದೆ. ಅವರು ಸೆರಗಿನ ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿ, ಉಪ್ಪನ್ನು ಹಾಗೇ ಹಿಡಿದುಕೊಂಡು ಮನೆಯ ದಾರಿ ಹಿಡಿದರು. ಹಿಂದಿದ್ದ ಹೆಂಗಸರೆಲ್ಲ ಕಂಬಕ್ಕೆ ದೂರದಿಂದಲೇ ಕೈಮುಗಿದು, ತಡವಾದರೆ ದೇವರಿಗೆ ಇನ್ನಷ್ಟು ಉರಿಯುತ್ತದೆಯೋ ಎಂಬಂತೆ ಬೇವಿನ ಮರದ ಕಡೆ ಓಡಿದರು. ಅಲ್ಲಿ ಒಂದು ಕಲ್ಲುಬಾನಿ ಇಡಿಸಿದರು. ಈಗ ಉಪ್ಪು ಬೀಳುವುದು ಅದಕ್ಕೆ.

ದೇವರ ಕಾಲಿನ ಉರಿ ಆರಿಸುವ ಕೆಲಸವನ್ನೂ ಕನಸು ಕಂಡವರಿಗೇ ವಹಿಸಲಾಯಿತು. ಓವರ್ಸಿಯರಿಗೆ ಬೇಕಾದದ್ದೂ ಅದೇ. ಹುತ್ತದ ಮಣ್ಣನ್ನು ನುಣ್ಣಗೆ ಅರೆಸಿ, ಸಿಹಿನೀರಿನಲ್ಲಿ ಕಲಸಿ, ಕಾಲು ಉಳುಕಿದವರಿಗೆ ಪಟ್ಟು ಹಾಕಿದ ಹಾಗೆ ಕಂಬದ ಬುಡಕ್ಕೆ ದಪ್ಪಗೆ ಮೆತ್ತುತ್ತಿದ್ದರು. ಮಣ್ಣು ಒಣಗುತ್ತ ಒಣಗುತ್ತ ಕಲ್ಲಿನೊಳಗಿನ ಉಪ್ಪನ್ನು ಎಳೆದುಕೊಳ್ಳುತ್ತಿತ್ತು. ಒಣಗಿದ ಪಟ್ಟನ್ನು ಬಿಡಿಸಿ, ನಾಲಗೆಗೆ ಹಚ್ಚಿ ನೋಡಿ, "ಇನ್ನೂ ಇದೆ," ಎಂದು ಮತ್ತೊಂದು ಪಟ್ಟು. ಬೇಸಗೆಯೆಲ್ಲ ಇದೇ ನಡೆಯಿತು. ಕಂಬಕ್ಕೆ ಬಾಣಂತನ ಮಾಡುತ್ತಿದ್ದಾರೆ ಎಂದು ಊರು ನಕ್ಕಿತು, ನಾನೂ ನಕ್ಕೆ. ಕೊನೆಗೆ ಒಂದು ದಿನ ಅವರು ಮಣ್ಣು ನೆಕ್ಕಿ, "ಸಪ್ಪೆ," ಎಂದು ಸಾರಿದಾಗ ಅಯ್ಯನವರು ಒಂದು ತೆಂಗಿನಕಾಯಿ ಒಡೆದರು. ಬುಡಕ್ಕೆ ಹೊಸ ಕಲ್ಲು ಕೊಟ್ಟು ಕಟ್ಟಿದರು. ಕಂಬ ಇವತ್ತಿಗೂ ನಿಂತಿದೆ. ಸಾಹುಕಾರರ ಮೊಮ್ಮಕ್ಕಳು ಅದಕ್ಕೆ ಒರಗಿ ಕೂತು ಮಂಡಕ್ಕಿ ತಿನ್ನುತ್ತಾರೆ.

ಓವರ್ಸಿಯರು ಆಮೇಲೂ ಸಮುದ್ರದ ಮಾತಾಡುತ್ತಿದ್ದರು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಡುನಡುವೆ ನಿಲ್ಲಿಸಿ, "ನಿನ್ ಮಂಡಿನೋವು ಹೆಂಗಿದೆ ಅಕ್ಕ?" ಎನ್ನುತ್ತಿದ್ದರು. ಸೋಮವಾರದ ಸುತ್ತನ್ನು ಮಂಗಳವಾರಕ್ಕೆ ಹಾಕಿಸಿಕೊಂಡು, ಅಕ್ಕನನ್ನು ಗುಡಿಯ ಮೆಟ್ಟಿಲಿನ ತನಕ ಬಿಟ್ಟು, ತಾವು ಹೊರಗೆ ಬೇಲಿಯ ಕಲ್ಲು ಪರೀಕ್ಷಿಸುತ್ತ ನಿಲ್ಲುತ್ತಿದ್ದರು. ಒಳಗೆ ಬರಲಿಲ್ಲ. ಕನಸಿನಲ್ಲಿ ದೇವರನ್ನು ನೋಡಿದವರು ಎದುರಿಗೆ ನೋಡಲು ನಾಚಿಕೊಳ್ಳುತ್ತಾರೆ ಎಂದು ನಾನು ರೇಗಿಸುತ್ತಿದ್ದೆ.

ನನಗೆ ಬಿಡಿಸಲಾಗದೆ ಉಳಿದ ಒಗಟು ಒಂದೇ. ಊರ ಹೆಂಗಸರೆಲ್ಲ ಬಾನಿಗೆ ಉಪ್ಪು ಹಾಕುತ್ತಿದ್ದರು. ಅಕ್ಕಯ್ಯ ಮಾತ್ರ ಆ ದಿನದಿಂದ ಎಲ್ಲಿಯೂ ಒಂದು ಹರಳು ಹಾಕಲಿಲ್ಲ. ತಮ್ಮನ ಮಣ್ಣಾದ ಮರುದಿನ ನಾನು ಹೋದಾಗ ಅವರು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿದೆ, ಆದರೆ ಮಾತು ಹಾಗೇ ಇದೆ. ಅದೂ ಇದೂ ಮಾತಾಡಿ, ಕೊನೆಗೆ ಕೇಳಿಯೇಬಿಟ್ಟೆ.

"ನನ್ ಉಪ್ಪಿಗೇ ಕಂಬ ಹೋಯ್ತು ಅಂತ ನಂಗೆ ಗೊತ್ತಾಗ್ನಿಲ್ಲ ಅಂದ್ಕಂಡ್ರಾ ಮೇಷ್ಟ್ರೇ?" ಎಂದರು. "ಅಷ್ಟೊರ್ಸ ಅವ್ನ ಪಾಠ ಕೇಳಿದ್ದು ಯಾರು? ಅವ್ನು ಕನ್ಸು ಅಂತ ಬಾಯಿ ತೆಗೀತಿದ್ದಂಗೇ ಎಲ್ಲಾ ತಿಳೀತು. ದೇವ್ರಿಗೆ ತಪ್ಪಾಯ್ತು ಅಂತ ಮನ್ಸಲ್ಲೇ ಕೈ ಮುಗ್ದೆ."

"ಆದ್ರೆ ಬಾನಿಗೂ ಹಾಕಲಿಲ್ಲವಲ್ಲ ಅಕ್ಕಯ್ಯ."

"ಹರಕೆ ತೀರ್ತಲ್ಲಪ್ಪ."

"ಅವರು ಸಮುದ್ರದಿಂದ ಬಂದು ಆಗಲೇ ಎಷ್ಟೋ ವರ್ಷ ಆಗಿತ್ತಲ್ಲ. ಆಗಲೇ ತೀರಿತ್ತು."

ಅಕ್ಕಯ್ಯ ತಲೆಯಾಡಿಸಿದರು. "ಊರಿಗೆ ಬಂದಿದ್ದ ಕಣಪ್ಪ. ನಾನು ಕೇಳ್ಕಂಡಿದ್ದು ಮನೆಗೆ ಬರ್ಲಿ ಅಂತ. ಎದುರ್ಗೆ ಕುಂತು ಇಕ್ಕಿದ್ರೂ ಅವ್ನ ಕಣ್ಗೆ ನಾನು ಬೀಳ್ತಿರ್ನಿಲ್ಲ, ಅಲ್ಲೇ ಅಲೆ ನೋಡ್ತಾ ಇರೋನು. ಇನ್ನಾ ಬಂದಿಲ್ಲ, ಇನ್ನಾ ಬಂದಿಲ್ಲ ಅಂತ ಸ್ವಾಮಾರ ಸ್ವಾಮಾರ ಸುರೀತಾನೇ ಇದ್ದೆ. ಅವತ್ತು ಅಷ್ಟು ಜನದ ಮುಂದೆ, ನನ್ ಮಖ ನೋಡ್ಕಂಡು, ನಂಗೋಸ್ಕರ ಸುಳ್ಳು ಹೇಳ್ದ ನೋಡು..."

ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಆಮೇಲೆ ಅದರಿಂದಲೇ ಕಣ್ಣು ಒರೆಸಿಕೊಂಡರು.

"ಅವತ್ತು ಬಂದ," ಎಂದರು.